ಇನ್ನೂ ಬಿಟ್ಟಿಲ್ಲ, ಅತ್ತೆ

ಅತ್ತೆ, ಲಾಕ್‌ಡೌನ್ ಸಡಿಲವಾಗಿ ಊರಿಗೆ ಊರೇ ಓಡಾಡತೊಡಗಿದ ಮೇಲೂ, ಇನ್ನೂ ಬಿಟ್ಟಿಲ್ಲ ಎಂದು ಸುಳ್ಳು ಹೇಳಿ ನಿಮ್ಮನ್ನು ಮನೆಯೊಳಗೆ ಕೂರಿಸಿದವಳು ನಾನು. ಸರ್ಕಾರವಲ್ಲ, ಪೊಲೀಸರಲ್ಲ — ನಾನು. ಒಂದೆರಡು ದಿನವಲ್ಲ, ಮಳೆಗಾಲ ಪೂರ್ತಿ. ನಿಮಗೆ ಓದಲು ಬಾರದು, ನಾನೇ ಓದಿ ಹೇಳಬೇಕು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಬಾಯಿಮಾತಿಗೆ ಬಿಟ್ಟರೆ ನಡುವೆ ಎಲ್ಲೋ ಮಾತು ತಿರುಗಿಸಿ ತಪ್ಪಿಸಿಕೊಂಡುಬಿಡುತ್ತೇನೆ. ಆ ವಿದ್ಯೆಯಲ್ಲಿ ನಾನೆಷ್ಟು ಜಾಣೆ ಎಂಬುದು ನಿಮಗಿನ್ನೂ ಗೊತ್ತಿಲ್ಲ.

ನಮ್ಮದು ತೋಟದ ಮನೆ. ಊರಿಗೂ ನಮಗೂ ನಡುವೆ ತೆಂಗಿನ ಸಾಲು, ಒಂದು ಹಳ್ಳ. ಯಾರಾದರೂ ಬಂದು ಹೇಳಿದರೆ ಸುದ್ದಿ, ಇಲ್ಲದಿದ್ದರೆ ಇಲ್ಲ. ಟಿ.ವಿ. ರೀಚಾರ್ಜ್ ಮುಗಿದಿತ್ತು, ನಾನು ಮಾಡಿಸಲಿಲ್ಲ. ನಿಮ್ಮ ಮಗ ತಿಪಟೂರಿನ ಅಂಗಡಿ ತೆರೆಯಲು ಬೆಳಿಗ್ಗೆ ಹೋದರೆ ಬರುತ್ತಿದ್ದುದು ದೀಪ ಹಚ್ಚಿದ ಮೇಲೆ. "ಅತ್ತೆಗೆ ದಮ್ಮು ಐತಲ್ರೀ. ಎಲ್ಲಾ ಬಿಟ್ಟೈತೆ ಅಂತ ಗೊತ್ತಾದ್ರೆ ಊರೊಳಕ್ಕೆ ಓಡ್ತಾರೆ. ಸ್ವಲ್ಪ ದಿನ ಹೇಳ್ಬೇಡಿ," ಎಂದೆ. ಅವರು ಹೂಂ ಎಂದರು. ಮದುವೆಯಾದಾಗಿನಿಂದ ಅವರು ಯಾವುದಕ್ಕೆ ತಾನೇ ಊಹೂಂ ಎಂದಿದ್ದಾರೆ?

ದಮ್ಮಿನ ಭಯ ಸುಳ್ಳಲ್ಲ. ಮೊದಮೊದಲು ನಿಜವಾಗಿ ಅದೇ ಇತ್ತು. ಆಮೇಲೆ — ಆಮೇಲಿನದನ್ನೇ ಹೇಳಬೇಕಾಗಿದೆ.

ಲಾಕ್‌ಡೌನಿಗೂ ಮುಂಚೆ, ಮಧ್ಯಾಹ್ನದ ಊಟ ಮುಗಿಯುವುದೇ ತಡ, ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ನೀವು ಗಂಗಮ್ಮನ ಜಗಲಿಗೆ ಹೊರಡುತ್ತಿದ್ದಿರಿ. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು, ಅಕ್ಕತಂಗಿಯರಿಗಿಂತ ಹೆಚ್ಚು. ನಮ್ಮ ಸಾರಿನ ಉಪ್ಪಿನಿಂದ ಹಿಡಿದು ನನ್ನ ಮಧ್ಯಾಹ್ನದ ನಿದ್ದೆಯವರೆಗೆ ಎಲ್ಲವೂ ಆ ಜಗಲಿಯ ಮೇಲೆ ಹರಡಿಕೊಳ್ಳುತ್ತಿತ್ತು. ನಗುತ್ತಲೇ ಸಹಿಸಿದ್ದೆ, ಊರ ಬಾಯಿ ಮುಚ್ಚಿಸಲಾದೀತೆ ಎಂದುಕೊಂಡು. ಆದರೆ ನನ್ನ ಹೊಟ್ಟೆಯಲ್ಲಿದ್ದದ್ದು ಕೈಬಿಟ್ಟು ಹೋಯಿತಲ್ಲ — ಅದನ್ನು ನಾನು ದಂಡಿನಶಿವರದ ನನ್ನ ತವರಿಗೂ ಹೇಳಿರಲಿಲ್ಲ. ಮಾರನೆಯ ದಿನ ಹೂವಿನವಳು ಮೊಳ ಹಾಕುತ್ತಾ, "ಹೋಗ್ಲಿ ಬುಡವ್ವ, ಇನ್ನೊಂದಾಯ್ತದೆ," ಎಂದಳು. ಆ ಮಲ್ಲಿಗೆಯನ್ನು ನಾನು ಮುಡಿಯಲಿಲ್ಲ. ನೀವು ದುಃಖ ತಡೆಯಲಾರದೆ ಹೇಳಿಕೊಂಡಿರಿ, ಈಗ ಗೊತ್ತಾಗುತ್ತದೆ. ಆಗ ಗೊತ್ತಿರಲಿಲ್ಲ — ಅಥವಾ, ಗೊತ್ತಾಗುವುದು ನನಗೆ ಬೇಡವಾಗಿತ್ತು.

ಬಾಗಿಲು ಮುಚ್ಚಿದ ಆ ದಿನಗಳಲ್ಲಿ ನಿಮ್ಮ ಮಾತೆಲ್ಲ ನನ್ನೊಬ್ಬಳ ಪಾಲಾಯಿತು. ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿದಿರಿ. ನಿಮ್ಮ ಮದುವೆಯ ದಿನ ಹೊಸ ಚಪ್ಪಲಿ ಕಚ್ಚಿ, ಬರಿಗಾಲಲ್ಲಿ ಈ ಮನೆ ತುಂಬಿದ್ದನ್ನು ಹೇಳಿ ನಗಿಸಿದಿರಿ. ನನ್ನ ಮಾತನ್ನು ಹೊರಗೆ ಹೋಗಿ ಹಂಚಿ ಬರುವವರಿರಲಿಲ್ಲ. ಅಮ್ಮನಂಥ ಅತ್ತೆ, ಊರಿಲ್ಲದ ಅತ್ತೆ — ನನಗೆ ಅದು ಬೇಕಾಗಿತ್ತು. ಎಲ್ಲರೂ ಎಂದು ಬಾಗಿಲು ತೆರೆಯುತ್ತದೋ ಎಂದು ದೇವರಿಗೆ ಹರಕೆ ಹೊರುತ್ತಿದ್ದರೆ, ನಾನು ಅದೇ ದೇವರ ಮುಂದೆ ನಿಂತು ತೆರೆಯದಿರಲಿ ಎಂದು ಬೇಡಿಕೊಂಡೆ.

ಅಷ್ಟರಲ್ಲಿ ಕೊಬ್ಬರಿ ಒಡೆಯುವ ಕಾಲ ಬಂತು. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿ ಇಳಿಸಿ, ಗಂಗಮ್ಮನ ಜೊತೆಯ ಹೆಂಗಸರು ನಮ್ಮ ಅಂಗಳದಲ್ಲಿ ಕುಳಿತು ಕರಟ ಒಡೆದು ಉಂಡೆ ಕೊಬ್ಬರಿ ತೆಗೆಯುವುದು ನಿಮ್ಮ ಅತ್ತೆಯ ಕಾಲದಿಂದ ಬಂದ ಪದ್ಧತಿ. ಮೊದಲ ಉಂಡೆಯನ್ನು ಚೂರು ಮಾಡಿ, ಬೆಲ್ಲ ಸೇರಿಸಿ, ಮನೆಯ ಹಿರಿಯಳೇ ಅವರ ಕೈಗೆ ಹಾಕಬೇಕು. ಆ ಕೆಲಸ ನಡೆದಷ್ಟು ದಿನ ಅಂಗಳದಲ್ಲಿ ಕರಟಕ್ಕಿಂತ ಮಾತೇ ಹೆಚ್ಚು ಒಡೆಯುತ್ತಿತ್ತು. ಅವರು ಬಂದರೆ ನನ್ನ ಸುಳ್ಳು ಅರೆಗಳಿಗೆ ನಿಲ್ಲುತ್ತಿರಲಿಲ್ಲ. ಹಳ್ಳದ ಹತ್ತಿರ ಗಂಗಮ್ಮ ಸಿಕ್ಕಿ, "ಕಾಯಿ ಒಡೆಯಕ್ಕೆ ಯಾವತ್ತು ಬರಾನವ್ವ?" ಎಂದರು. ನಾನು ದೂರದಲ್ಲೇ ನಿಂತೆ.

"ಅತ್ತೆಗೆ ಜ್ವರ, ಕೆಮ್ಮು ಕಣ್ ದೊಡ್ಡವ್ವ. ಯಾರೂ ಈ ಕಡೆ ಬರ್ಬೇಡಿ."

ಕಾಯಿಯನ್ನು ಟ್ರ್ಯಾಕ್ಟರಿಗೆ ತುಂಬಿಸಿ ತಿಪಟೂರಿಗೆ ಕಳುಹಿಸಿದೆ. ಅಟ್ಟದಿಂದ ಕಾಯಿ ಉರುಳುವ ಸದ್ದಿಗೆ ನೀವು ಬೆಲ್ಲದ ತಟ್ಟೆ ಹಿಡಿದೇ ಹೊರಗೆ ಬಂದಿರಿ. "ಯಾಕೇ, ಗಂಗಿ ಬರ್ಲಿಲ್ವ?"

"ಇನ್ನೂ ಬಿಟ್ಟಿಲ್ಲ, ಅತ್ತೆ. ಸಾಮಾನಿನ ಗಾಡಿಗೆ ಮಾತ್ರ ಬಿಟ್ಟವ್ರೆ."

ನೀವು ಬೆಲ್ಲವನ್ನು ಡಬ್ಬಿಗೆ ವಾಪಸು ಸುರಿದಿರಿ. ನಾನು ನೋಡುತ್ತಾ ನಿಂತಿದ್ದೆ. ಆಗಲೇ ಹೇಳಬಹುದಿತ್ತು.

ಕೆಲವು ದಿನ ಕಳೆದ ಮೇಲೆ ಗಂಗಮ್ಮ ಬಂದರು. ಒಳಗೆ ಬರಲಿಲ್ಲ. ಬೇಲಿಯ ಆಚೆ ಬದಿಯ ಗೂಟಕ್ಕೆ, ನಮ್ಮ ಜಗಲಿಗೆ ಕಾಣದ ಕಡೆ, ಒಂದು ಬಟ್ಟೆ ಗಂಟು ಸಿಕ್ಕಿಸಿದರು. ಜಗಲಿಯ ಮೇಲಿದ್ದ ನಿಮ್ಮ ಕಣ್ಣು ಅರಳಿತು — "ಗಂಗೀ! ಏ ಗಂಗೀ!" ಅವರು ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು, ತಿರುಗಿ, ಸರಸರನೆ ಹೋಗಿಬಿಟ್ಟರು. ನೀವು ಬಹಳ ಹೊತ್ತು ಆ ದಾರಿಯನ್ನೇ ನೋಡಿದಿರಿ. "ನನ್ನ ನೋಡಿ ಸೆರಗು ಮುಚ್ಕೊಂಡ್ಲು ಕಣೇ," ಎಂದಿರಿ. ಅಷ್ಟೇ. ಆವತ್ತು ರಾಗಿಮುದ್ದೆ ಮುಟ್ಟಲಿಲ್ಲ.

ಗಂಟಿನಲ್ಲಿ ಒಣಶುಂಠಿ, ಮೆಣಸು, ಅಮೃತಬಳ್ಳಿ ಇತ್ತು. ನಿಮ್ಮ ಜ್ವರಕ್ಕೆಂದು — ಇಲ್ಲದ ಜ್ವರಕ್ಕೆಂದು — ತಂದದ್ದು. ನಾನೇ ತೆಗೆದಿಟ್ಟು, ನಿಮ್ಮ ಮಗ ತಂದರು ಎಂದು ಹೇಳಿ ಕಷಾಯ ಮಾಡಿಕೊಟ್ಟೆ. ನೀವು ಕುಡಿದು, "ಎದೆ ಹಗುರಾಯ್ತು ಕಣವ್ವ," ಎಂದಿರಿ. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಕೊನೆಗೆ, ನೀವು ಸೊರಗುವುದನ್ನು ನೋಡಿ ಹೆದರಿಕೆಯಾಗಿ ನಾನೇ ಹೇಳಿದೆ, ಎಲ್ಲ ಬಿಟ್ಟಿದ್ದಾರೆ, ಹೋಗಿ ಬನ್ನಿ ಎಂದು. ನೀವು ಸೀರೆ ಬದಲಿಸಿ ಬೇಲಿಯವರೆಗೆ ಹೋದಿರಿ. ನಿಂತಿರಿ. ತಿರುಗಿ ಬಂದು ಎಲೆಅಡಿಕೆ ಚೀಲವನ್ನು ಮೊಳೆಗೆ ಸಿಕ್ಕಿಸಿದಿರಿ.

"ಯಾರ ಮನೆಗೆ ಅಂತ ಹೋಗ್ಲಿ, ಬುಡವ್ವ. ಒಳಗೇ ವಾಸಿ."

ಅಂದಿನಿಂದ ನೀವು ಹೊರಗೆ ಹೋಗಿಲ್ಲ. ಮದುವೆಗೆ ಕರೆದರೆ ಮಂಡಿನೋವು, ತಿಥಿಗೆ ಕರೆದರೆ ದಮ್ಮು. ಕೊಬ್ಬರಿ ಈಗ ಪ್ರತಿ ವರ್ಷ ತಿಪಟೂರಿನಲ್ಲೇ ಒಡೆಯುತ್ತದೆ. ಅತ್ತ ಗಂಗಮ್ಮ, ಕರೆಯದೆ ಹೇಗೆ ಬರಲಿ ಎಂದು ಅಲ್ಲಿ. ಇತ್ತ ನೀವು, ಅವಳೇ ಬರಲಿ ಎಂದು ಇಲ್ಲಿ. ನಾನು ಬಯಸಿದ್ದು ಬಯಸಿದ ಹಾಗೆಯೇ ಸಿಕ್ಕಿತು ನೋಡಿ: ನಿಮ್ಮ ಮಾತೆಲ್ಲ ನನಗೇ. ನಾನು ತವರಿಗೆ ಹೊರಟರೆ ನಿಮ್ಮ ಮುಖ ಬಾಡುತ್ತದೆ, ಸಂತೆಗೆ ಹೋದರೆ ಬರುವವರೆಗೆ ಬಾಗಿಲಲ್ಲೇ ಇರುತ್ತೀರಿ. ನಿಮ್ಮನ್ನು ಕೂಡಿಹಾಕಲು ಹೋಗಿ ನಾನೂ ಒಳಗೇ ಉಳಿದೆ. ಇದನ್ನು ದೂರಾಗಿ ಹೇಳುತ್ತಿಲ್ಲ. ದೂರುವ ಹಕ್ಕು ನನಗಿಲ್ಲ.

ನಿನ್ನೆ ಗಂಗಮ್ಮನ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಮೊರದಲ್ಲಿದ್ದ ಹುರುಳಿಯ ಮೇಲೆ ಕೈಯಾಡಿಸಿದರು.

"ಅವ್ಳು ಕೂಗಿದ್ದು ನಂಗೆ ಕೇಳಿಸ್ತು ಕಣೇ. ಹೆದ್ರಿ ತಿರುಗಿ ನೋಡ್ಲಿಲ್ಲ. ಅದ್ಕೆ ಮುಖ ತೋರ್ಸಕ್ಕೆ ನಾಚ್ಕೆಯಾಗಿ ಇಷ್ಟು ವರ್ಷ ಬರ್ಲಿಲ್ಲ."

ಆ ಮಾತು ಕೇಳಿದಾಗ, ತಪ್ಪಿಗೆ ಪಾಲುದಾರರು ಸಿಕ್ಕರೆಂದು ಒಂದು ಕ್ಷಣ ನನಗೆ ಹಗುರವಾಯಿತು. ಎಂಥವಳು ನಾನು! ಅವರು ಹೆದರಿದ್ದು ನಾನು ಹುಟ್ಟಿಸಿದ ಜ್ವರಕ್ಕೆ. ನಾನು ಕೈ ಹಿಡಿದು, "ಈಗ್ಲೇ ಬನ್ನಿ ದೊಡ್ಡವ್ವ," ಎಂದೆ. ಅವರು ಕೈ ಬಿಡಿಸಿಕೊಂಡರು.

"ಮೊದ್ಲು ನೀನ್ ಹೇಳು. ನೀನ್ ಹೇಳೋಗಂಟ ನಾನ್ ಬರಕಿಲ್ಲ."

ಈಗ ನೀವು ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದೀರಿ. ಬೆಳಿಗ್ಗೆ ಹಾಲಿನವನ ಮುಂದೆ, ನನ್ನ ಸೊಸೆ ಮಗಳಿಗಿಂತ ಹೆಚ್ಚು ಎಂದಿರಿ. ಇದನ್ನು ಓದಿ ಹೇಳಿದ ಮೇಲೆ ಆ ಮಾತು ನನಗೆ ಮತ್ತೆ ಸಿಗುವುದಿಲ್ಲ. ಸಿಗಬಾರದು. ನಾನು ಈಗ ಎದ್ದು ಬಂದು ನಿಮ್ಮ ಪಕ್ಕ ಕೂರುತ್ತೇನೆ, ಪೂರ್ತಿ ಓದುತ್ತೇನೆ. ಆಮೇಲೆ ನೀವು ಗಂಗಮ್ಮನ ಜಗಲಿಗೆ ಹೋಗಿ, ನಾನು ಮಾಡಿದ್ದನ್ನು ಒಂದಕ್ಷರ ಬಿಡದೆ ಊರಿಗೆಲ್ಲ ಹೇಳಿ, ಅತ್ತೆ. ನಾನು ಮನೆಯಲ್ಲೇ ಇರುತ್ತೇನೆ.