ಬಿ ಮ್ವಾಕಾಳ ಸಿಪ್ಪೆಗುಂಡಿ

ಜಂಜಿಬಾರ್ ದ್ವೀಪದ ಮಕುಂಬಿನಿ ಊರಿನ ಬಿ ಮ್ವಾಕಾಳ, ಅಂದರೆ ಮ್ವಾಕಮ್ಮನ, ಮೂಗು ಸತ್ತು ಎಷ್ಟೋ ವರ್ಷಗಳಾಗಿದ್ದವು. ಮೂಗೇನೋ ಮುಖದ ಮೇಲಿತ್ತು, ಅದೂ ಸಣ್ಣದಲ್ಲ; ಮಳೆ ಬಂದರೆ ಅದರ ಕೆಳಗೆ ಇಬ್ಬರು ನಿಲ್ಲಬಹುದೆಂದು ಗಂಡ ಬದುಕಿದ್ದಾಗ ಹೇಳುತ್ತಿದ್ದ. ಆದರೆ ಅದಕ್ಕೆ ವಾಸನೆ ಹತ್ತುತ್ತಿರಲಿಲ್ಲ. ಹುಡುಗಿಯಾಗಿದ್ದಾಗಿನಿಂದ ಸಮುದ್ರದ ಕೆಸರಲ್ಲಿ ಕೊಳೆಹಾಕಿದ ತೆಂಗಿನ ಸಿಪ್ಪೆಯನ್ನು ಅಗೆದು, ಬಡಿದು, ನಾರು ಬಿಡಿಸಿ ಹಗ್ಗ ಹೊಸೆದವಳು ಅವಳು. ಆ ಸಿಪ್ಪೆಯ ನಾತ ಎಂಥದೆಂದರೆ, ಗುಂಡಿ ತೆರೆದ ದಿನ ಹವಳದ ದಿಬ್ಬದಾಚೆ ಸಾಗುವ ಹಡಗುಗಳು ಜಂಜಿಬಾರನ್ನೇ ಬಿಟ್ಟು ಮೊಂಬಾಸಾ ಕಡೆ ತಿರುಗುತ್ತಿದ್ದವು. ಇಂಥದ್ದನ್ನು ಮನುಷ್ಯರ ಮೂಗು ಎಷ್ಟು ಕಾಲ ತಾಳೀತು? ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟಿತು. ಬಿ ಮ್ವಾಕಾ ಅದನ್ನೊಂದು ನಷ್ಟವೆಂದು ಎಣಿಸಿದವಳಲ್ಲ. ಈ ವರ್ಷ ಮಾತ್ರ, ಮೊಮ್ಮಗಳು ಜುಹುರಾಳ ಮದುವೆ ಹತ್ತಿರ ಬಂದಾಗ, ಅವಳಿಗೆ ಆ ಮೂಗು ವಾಪಸ್ಸು ಬೇಕಾಯಿತು.

ಯಾಕೆಂದರೆ ಅವಳ ಸಿಪ್ಪೆಗುಂಡಿ ಕಳೆದುಹೋಗಿತ್ತು.

ಗುಂಡಿ ಕಳೆಯುವುದೆಂದರೇನು, ಅದಕ್ಕೇನು ಕಾಲಿದೆಯೇ ಎಂದು ಕೇಳಬೇಡಿ. ಇಳಿತದ ಹೊತ್ತಿನಲ್ಲಿ ಇಲ್ಲಿನ ಸಮುದ್ರ ದಿಬ್ಬದವರೆಗೂ ಹಿಂದೆ ಸರಿದು, ಬಟಾಬಯಲು ಬಿಡುತ್ತದೆ. ಆ ಬಯಲಲ್ಲಿ ಊರಿನ ಒಬ್ಬೊಬ್ಬ ಹೆಂಗಸಿಗೂ ತಾಯಿಯಿಂದ ಬಂದ ಒಂದೊಂದು ಗುಂಡಿ. ಉತ್ತರದ ಗಾಳಿ ಬೀಸುವಾಗ ಸಿಪ್ಪೆ ಹೂತು, ಮೇಲೆ ಮರಳೆಳೆದು, ಕಲ್ಲು ಹೇರಿ ಬಂದರೆ, ದಕ್ಷಿಣದ ಗಾಳಿ ಮುಗಿಯುವಾಗ ತೆಗೆಯಬೇಕು. ಅಲ್ಲಿಯವರೆಗೆ ದಿನಕ್ಕೆರಡು ಸಲ ಸಮುದ್ರ ಅದರ ಮೇಲೆ ಬಂದು ಮಲಗಿ ಎದ್ದು ಹೋಗುತ್ತದೆ. ಬಿ ಮ್ವಾಕಾಳ ಗುಂಡಿಗೆ ಗುರುತು ಎರಡು. ಮಸೀದಿಯ ಗೋಪುರ ದೊಡ್ಡಹುಣಸೆ ಮರದ ಹಿಂದೆ ಅಡಗುವಂತೆ ನಿಲ್ಲಬೇಕು. ಅದೇ ಗೆರೆಯಲ್ಲಿ ನಡೆಯುತ್ತಾ, ಬಾಗಿದ ತೆಂಗಿನ ತಲೆ ಶಾಲೆಯ ಮಾಡಿನ ಮೇಲೆ ಟೋಪಿಯ ಹಾಗೆ ಕೂತಾಗ ನಿಂತುಬಿಡಬೇಕು. ಕಾಲಕೆಳಗೆ ಗುಂಡಿ. ಅವಳಮ್ಮನೂ ಹಾಗೇ ಹುಡುಕುತ್ತಿದ್ದಳು, ಅಜ್ಜಿಯೂ ಹಾಗೇ.

ಆ ಬಾಗಿದ ತೆಂಗನ್ನು ಹೋಟೆಲಿನವರು ಕಡಿದರು.

ಹೋಟೆಲು ಬಂದದ್ದು ಒಂದೇ ದಿನದಲ್ಲೇನಲ್ಲ. ಮೊದಲು ಬೆನ್ನಿಗೆ ಚೀಲ ಕಟ್ಟಿದ ಒಬ್ಬ ಪ್ರವಾಸಿ ಬಂದ. ಊರಿನ ಮಕ್ಕಳೆಲ್ಲ ಅವನ ಹಿಂದೆ ಹೋದರು. ಆಮೇಲೆ ಊರಿನ ಹಿಂದೆ ಪ್ರವಾಸಿಗಳು ಬಂದರು. ಈಗ ದಂಡೆಯ ಮೇಲೆ ಎಷ್ಟು ಜನ ಬಿದ್ದುಕೊಂಡಿರುತ್ತಾರೆಂದರೆ, ಏಡಿಯೊಂದು ಮನೆಯಿಂದ ಹೊರಬರಬೇಕಾದರೆ ಪಕ್ಕದವರನ್ನು ಕೊಂಚ ಸರಿಯಲು ಕೇಳಿಕೊಳ್ಳಬೇಕು. ಊರ ಬಾವಿ ಉಪ್ಪಾಯಿತು, ಹೋಟೆಲಿನ ಈಜುಕೊಳ ಸಿಹಿಯಾಯಿತು. ಹಿಡಿದ ಎಂಟು ಕಾಲಿನ ಅಷ್ಟಪದಿ ಊರಿನ ಒಲೆ ಹೇಗಿರುತ್ತದೆಂದೇ ನೋಡದೆ ನೇರವಾಗಿ ಹೋಟೆಲಿನ ಅಡುಗೆಮನೆಗೆ ಹೋಗುತ್ತದೆ. ಈಗಿನ ಅಷ್ಟಪದಿಗಳಿಗೆ ನಮ್ಮ ಮಾತೇ ಬರುವುದಿಲ್ಲ, ಬರೀ ಇಟಾಲಿಯನ್.

ಜನರೂ ಬದಲಾದರು. ಬಿ ಮ್ವಾಕಾಳ ಗೆಳತಿ ಸುಬೀರಾ ಜೀವಮಾನವಿಡೀ ಸಿಪ್ಪೆ ಬಡಿದ ಕೈಯಿಂದ ಈಗ ಪ್ರವಾಸಿಗಳ ಬೆನ್ನಿಗೆ ಎಣ್ಣೆ ಮಾಲೀಸು ಮಾಡುತ್ತಾಳೆ. ಅವಳ ಕೈಗೆ ಸಿಕ್ಕವರು ಬಂದದ್ದಕ್ಕಿಂತ ಒಂದು ಗೇಣು ಉದ್ದವಾಗಿ ಊರಿಗೆ ಮರಳುತ್ತಾರೆ. ಅವಳ ಗಂಡ ಉಸ್ಸಿ ಹುಟ್ಟಾ ಬೆಸ್ತ. ಅವನಿಗೆ ಹೋಟೆಲಿನವರು ಕೆಂಪು ಬಟ್ಟೆ ಹೊದಿಸಿ, ಕೈಗೆ ಈಟಿ ಕೊಟ್ಟು, ಹಸು ಸಾಕುವ, ಸಿಂಹಕ್ಕೂ ಹೆದರದ ಮಸಾಯಿ ಬುಡಕಟ್ಟಿನ ಕಾವಲುಗಾರನೆಂದು ಬಾಗಿಲಲ್ಲಿ ನಿಲ್ಲಿಸಿದ್ದಾರೆ. ಸಿಂಹ ಕೊಂದಿದ್ದೀಯಾ ಎಂದು ಪ್ರವಾಸಿಗಳು ಕೇಳಿದರೆ ಗಂಭೀರವಾಗಿ ತಲೆಯಾಡಿಸುತ್ತಾನೆ. ಹಸು ಕಂಡರೆ ಈಗಲೂ ರಸ್ತೆ ದಾಟುತ್ತಾನೆ.

ಒಂದು ಮಧ್ಯಾಹ್ನ ಬಾಗಿದ ತೆಂಗಿನಿಂದ ಒಂದು ಕಾಯಿ, ಮಲಗಿದ್ದ ಪ್ರವಾಸಿಯೊಬ್ಬರ ಪಕ್ಕಕ್ಕೆ ಬಿತ್ತು. ಮಾರನೆಯ ದಿನ ಮರವೇ ಬಿತ್ತು. ಅದೇ ವಾರ ದಂಡೆ ಚೊಕ್ಕ ಮಾಡುತ್ತೇವೆಂದು ಬಯಲಲ್ಲಿದ್ದ ಕಲ್ಲುಗಳನ್ನೆಲ್ಲ ಹೆಕ್ಕಿ, ಸುಣ್ಣ ಬಳಿದು, ಹೋಟೆಲಿನ ತೋಟದ ದಾರಿಗೆ ಅಂಚು ಕಟ್ಟಿದರು. ಬಿ ಮ್ವಾಕಾಳ ಗುಂಡಿಯ ಮೇಲಿನ ಕಲ್ಲುಗಳೂ ಅದರಲ್ಲಿ ಹೋದವು. ಉಳಿದ ಹೆಂಗಸರಿಗೆ ಇದು ತಟ್ಟಲಿಲ್ಲ. ಅವರು ಯಾವಾಗಲೋ ಗುಂಡಿ ಬಿಟ್ಟಿದ್ದರು.

ಬಿ ಮ್ವಾಕಾಳ ಗುಂಡಿಯಲ್ಲಿ ಇದ್ದದ್ದು ಜುಹುರಾಳ ಮದುವೆ ಮಂಚದ ಹಗ್ಗ. ಇನ್ನೂ ಹಗ್ಗವಾಗದ ಹಗ್ಗ. ಆ ಮನೆಯ ಹೆಣ್ಣುಮಕ್ಕಳು ಗಂಡನ ಮನೆಗೆ ಹೋಗುವಾಗ ಮಂಚದ ಮೈಗೆ ಬಿಗಿಯುವ ಹಗ್ಗವನ್ನು ಅಜ್ಜಿಯೇ ಹೊಸೆಯಬೇಕು, ಅದೂ ಮನೆಯ ಗುಂಡಿಯ ಸಿಪ್ಪೆಯಿಂದ. ಜುಹುರಾಳ ತಾಯಿಯ ಮಂಚಕ್ಕೂ ಹಾಗೇ ಆಗಿತ್ತು. ಮಗಳು ಚಿಕ್ಕವಳಿದ್ದಾಗಲೇ ಆ ತಾಯಿ ತೀರಿಕೊಂಡಳು. ಸಾಯುವ ಹಿಂದಿನ ವಾರದವರೆಗೂ ಅಜ್ಜಿಯ ಜೊತೆ ಸಿಪ್ಪೆ ಬಡಿದಿದ್ದಳು. ಈದ್ ಕಳೆದ ಮೇಲೆ ಮದುವೆ. ಹೊಸದಾಗಿ ಸಿಪ್ಪೆ ಹೂತರೆ ಅದು ಕೊಳೆಯುವ ಹೊತ್ತಿಗೆ ಜುಹುರಾಳಿಗೆ ಮಗುವೇ ಆಗಿರುತ್ತದೆ.

ಜುಹುರಾಳಿಗೆ ಅದರ ಚಿಂತೆ ಇರಲಿಲ್ಲ. ಅವಳು ಹೋಟೆಲಿನ ಮುಂದೆ ಚಪ್ಪರದಡಿ ಕೂತು ಪ್ರವಾಸಿಗಳ ಕೂದಲು ಹೆಣೆಯುವ ಹುಡುಗಿ.

"ಅಜ್ಜಿ, ಸುಮ್ನೆ ಯಾಕೆ ಬೆನ್ನು ಮುರ್ಕೋತೀಯ? ಪಾಂಡು ಹಲಗೆ ಮಂಚ ನೋಡಿಟ್ಟಿದ್ದಾನೆ. ಮೇಲೆ ದುಬೈ ಹಾಸಿಗೆ. ಎಷ್ಟು ಸಮ ಇದೆ ಗೊತ್ತಾ, ಚಹಾ ಲೋಟ ಇಟ್ರೂ ಬೀಳಲ್ಲ."

"ಮದುವೆ ಆಗ್ತಿರೋದು ಪಾಂಡೂನಾ, ಚಹಾ ಲೋಟಾನಾ?"

"ಹಗ್ಗದ ಮಂಚ ಮಧ್ಯದಲ್ಲಿ ಜೋತು ಬೀಳುತ್ತೆ ಅಜ್ಜಿ."

"ಬೀಳ್ಬೇಕು."

"ಯಾಕೆ ಬೀಳ್ಬೇಕು?"

"ಮೊದ್ಲು ಮಂಚ ಆಗ್ಲಿ. ಆಮೇಲೆ ಹೇಳ್ತೀನಿ" ಎಂದು ಬಿ ಮ್ವಾಕಾ ಸೊಂಟಕ್ಕೆ ಕಾಂಗಾ ಬಟ್ಟೆ ಬಿಗಿದು ಗುದ್ದಲಿ ಎತ್ತಿಕೊಂಡಳು.

ಅವಳಿಗೆ ಉಳಿದದ್ದು ಒಂದೇ ಗುರುತು. ಮಸೀದಿಯೂ ದೊಡ್ಡಹುಣಸೆಯೂ ಸೇರಿ ಗೆರೆ ಎಳೆದುಕೊಡುತ್ತಿದ್ದವು. ಆದರೆ ಆ ಗೆರೆಯ ಮೇಲೆ ಎಲ್ಲಿ ನಿಲ್ಲಬೇಕೆಂದು ಹೇಳುತ್ತಿದ್ದ ತೆಂಗು ಹೋಗಿತ್ತು. ಗೆರೆಯೋ ದಂಡೆಯಿಂದ ದಿಬ್ಬದವರೆಗೆ, ಅದನ್ನು ನಡೆದು ಮುಗಿಸುವಷ್ಟರಲ್ಲಿ ಚಪ್ಪಲಿ ಸವೆಯುವಷ್ಟು ಉದ್ದ. ಅವಳು ದಿಬ್ಬದ ಕಡೆಯಿಂದ ಶುರುಮಾಡಿದಳು. ಇಳಿತ ಬಂದಾಗಲೆಲ್ಲ ಅಗೆದಳು, ಭರತ ಬಂದು ಎಲ್ಲ ಮುಚ್ಚಿತು, ಮತ್ತೆ ಅಗೆದಳು. ಮುಚ್ಚಿದ ಗುಂಡಿ ಕೂಡ ಒಮ್ಮೊಮ್ಮೆ ಒಂದೆರಡು ಗುಳ್ಳೆ ಬಿಟ್ಟು ತಾನೆಲ್ಲಿದ್ದೇನೆಂದು ಹೇಳುತ್ತದೆ, ಮೂಗಿದ್ದವರಿಗೆ. ಬಿ ಮ್ವಾಕಾ ಮರಳಿನ ಮೇಲೆ ಮಂಡಿಯೂರಿ, ತನ್ನ ಆ ದೊಡ್ಡ ಮೂಗನ್ನು ನೆಲಕ್ಕೆ ತಾಗಿಸಿ ಎಳೆದಳು. ಒಳಗೆ ಹೋದದ್ದು ಬರೀ ಗಾಳಿ. ಪ್ರವಾಸಿಗಳು ಅವಳು ನಮಾಜು ಮಾಡುತ್ತಿದ್ದಾಳೆಂದು ದೂರದಿಂದ ಭಕ್ತಿಯಿಂದ ಫೋಟೋ ತೆಗೆದುಕೊಂಡರು.

ಸುಬೀರಾ ಎಣ್ಣೆ ಬಾಟಲಿ ಹಿಡಿದು ಆ ಕಡೆ ಬಂದಳು. "ಯಾಕೆ ಮ್ವಾಕಾ, ಸಮುದ್ರದಲ್ಲಿ ಬಾವಿ ತೋಡ್ತಿದ್ದೀಯೇನೆ?"

"ನಿನ್ನ ಗಂಡನ್ನ ಹೂಳೋಕೆ. ಆ ಕೆಂಪು ಬಟ್ಟೆ ಸಮೇತ."

"ಹೂಳ್ಕೋ ಮಾರಾಯ್ತಿ. ಈಟಿ ಮಾತ್ರ ವಾಪಸ್ ಕೊಡು, ಅದು ಹೋಟೆಲಿಂದು." ಸುಬೀರಾ ಗೆಳತಿಯ ಮುಖ ನೋಡಿ ನಗು ನಿಲ್ಲಿಸಿದಳು. ಪಕ್ಕದಲ್ಲಿ ಕೂತು ಅವಳೂ ಮೂಸಿದಳು. "ನನ್ಗೂ ಹತ್ತಲ್ಲ ಕಣೇ. ಮೂಗಿನ ತುಂಬಾ ಲವಂಗದೆಣ್ಣೆ ಕೂತ್ಬಿಟ್ಟಿದೆ. ಬಿಟ್ಬಿಡು. ಹುಡುಗೀಗೇ ಬೇಡ ಅಂದ್ಮೇಲೆ?"

"ಹುಡುಗೀಗೆ ಅಮ್ಮ ಇಲ್ಲ ಸುಬೀರಾ. ಕೊಡೋಕೆ ನನ್ಹತ್ರ ಇನ್ನೇನಿದೆ?"

ಸುಬೀರಾ ಎಣ್ಣೆ ಬಾಟಲಿ ಕೆಳಗಿಟ್ಟು ಅವಳ ಸೊಂಟ ನೀವಿದಳು. ಅಗೆಯುವುದು ಆ ದಿನಕ್ಕೆ ನಿಂತಿತು.

ಉಪವಾಸದ ತಿಂಗಳು ಹತ್ತಿರ ಬಂತು. ಬಿ ಮ್ವಾಕಾಳ ಗುದ್ದಲಿ ಬಯಲಿನ ಅರ್ಧ ದಾಟಿತ್ತು, ಸಿಕ್ಕಿದ್ದು ಒಂದು ತುಕ್ಕು ಲಂಗರು, ಯಾರದೋ ಕಪ್ಪು ಕನ್ನಡಕ. ಒಂದು ಬೆಳಿಗ್ಗೆ ಅವಳು ಗುದ್ದಲಿಯನ್ನು ಮೂಲೆಯಿಂದ ತೆಗೆಯಲೇ ಇಲ್ಲ. ಹೊಸ್ತಿಲಲ್ಲಿ ಕೂತು ಖಾಲಿ ಕೈಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದಳು, ನಾರಿಲ್ಲದೆಯೇ ಹಗ್ಗ ಹೊಸೆಯುವವಳಂತೆ. ಒಳಗೆ ಜುಹುರಾ ಅದನ್ನು ಕಂಡು, ದುಬೈ ಹಾಸಿಗೆಯ ಮಾತೆತ್ತದೆ ಚಹಾ ತಂದಿಟ್ಟಳು.

ಅದೇ ಬೆಳಿಗ್ಗೆ ಹೋಟೆಲಿನವರು ಯೋಗ ಇಟ್ಟುಕೊಂಡಿದ್ದರು. ಸಮುದ್ರ ಹಿಂದೆ ಸರಿದ ಬಯಲಲ್ಲೇ ಮಾಡಿದರೆ ಪ್ರಾಣವಾಯು ಜಾಸ್ತಿಯಂತೆ. ನೆರಳಿನ ಬಟ್ಟೆಗೆಂದು ಉಸ್ಸಿಯ ಕೈಯಲ್ಲೇ ಕಂಬ ನೆಡಿಸಿದರು. ಮೂರು ಕಂಬ ಕಷ್ಟಪಟ್ಟು ಇಳಿದವು. ನಾಲ್ಕನೆಯದು ಬೆಣ್ಣೆಗೆ ಚೂರಿ ಹಾಕಿದಂತೆ ಸರಕ್ಕನೆ ಹೋಯಿತು. ಅದು ನೆಟ್ಟಗೆ ನಿಲ್ಲಲಿಲ್ಲವೆಂದು ಉಸ್ಸಿ ಅಲ್ಲಾಡಿಸಿ ಕಿತ್ತು ಪಕ್ಕಕ್ಕೆ ನೆಟ್ಟ. ಯೋಗ ಕಲಿಸುವ ಗುರುಮಾತೆ ಪ್ರವಾಸಿಗಳೆಲ್ಲರಿಗೂ ಕಣ್ಣು ಮುಚ್ಚಿಸಿ, ಕೈ ಎತ್ತಿಸಿ, ಹೊಟ್ಟೆಯಾಳದಿಂದ ದೀರ್ಘವಾಗಿ ಉಸಿರೆಳೆಯಿರಿ ಎಂದಳು.

ಎಳೆದರು.

ಆ ಉಸಿರು ಹೊರಗೆ ಬಂದ ರಭಸಕ್ಕೆ ದಡದಲ್ಲಿ ಒಣಹಾಕಿದ್ದ ಟವೆಲುಗಳು ಸಮುದ್ರದಾಚೆಯ ದಾರ್ ಎಸ್ ಸಲಾಂ ತಲುಪಿದವೆಂದು ಹೇಳುತ್ತಾರೆ. ಒಬ್ಬ ಆಜಾನುಬಾಹು ಮೂರ್ಛೆ ಹೋದ. ಮ್ಯಾನೇಜರ್ ಕಿಸಂಗ ಕಕ್ಕಸಿನ ಗುಂಡಿಯೇ ಒಡೆಯಿತೆಂದುಕೊಂಡು ಚರಂಡಿಗಳ ಮುಚ್ಚಳ ತೆಗೆಸತೊಡಗಿದ. ಉಸ್ಸಿಯೊಬ್ಬ ಮೂಗು ಮುಚ್ಚಲಿಲ್ಲ. ಬಾಯಿ ತೆರೆದು ನಿಂತ. ಆಮೇಲೆ ಈಟಿ ಬಿಸಾಡಿ, ಕೆಂಪು ಬಟ್ಟೆಯನ್ನು ಮೊಣಕಾಲ ಮೇಲೆ ಎತ್ತಿ ಊರೊಳಗೆ ಓಡಿದ.

"ಬಿ ಮ್ವಾಕಾ! ಸಿಕ್ತು! ಸಿಕ್ತು!"

"ಏನು ಸಿಕ್ತೋ?"

"ನಿಮ್ಮ ನಾತ!"

ಅವಳು ಎದ್ದಳು, ಒಂದೇ ಕಾಲಿಗೆ ಚಪ್ಪಲಿ ಹಾಕಿ ನಡೆದಳು. ಗೆರೆಯ ಮೇಲೇ ಇತ್ತು ಗುಂಡಿ, ಅವಳೆಣಿಸಿದ್ದಕ್ಕಿಂತ ತುಂಬ ಈಚೆ, ದಂಡೆಯ ಹತ್ತಿರ. ಕಂಬದ ತೂತಿಗೆ ಭುಜದವರೆಗೆ ಕೈ ಹಾಕಿ, ಕಪ್ಪಾದ ಸಿಪ್ಪೆಯೊಂದನ್ನು ಎಳೆದು ಮಗುವಿನಂತೆ ಎದೆಗೆ ಹಿಡಿದಳು.

"ಉಸ್ಸಿ, ನಿಜವಾಗ್ಲೂ ನಾರ್ತಿದ್ಯಾ?"

"ಕೇಳ್ಬೇಕಾ? ನಮ್ಮಪ್ಪ ಗೋರಿಯೊಳಗೆ ಮೂಗು ಮುಚ್ಕೊಂಡಿರ್ತಾನೆ."

"ಯಾ ಅಲ್ಲಾ, ನಿನ್ನ ದಯೆ" ಎಂದಳು ಬಿ ಮ್ವಾಕಾ. ಅವಳ ಕಣ್ಣಲ್ಲಿ ನೀರಿತ್ತು. ಅಲ್ಲಿದ್ದ ಎಲ್ಲರ ಕಣ್ಣಲ್ಲೂ ಇತ್ತು, ಕಾರಣ ಬೇರೆ.

ಕಿಸಂಗ ಕರವಸ್ತ್ರದೊಳಗಿಂದ ಮಾತಾಡಿದ. "ಇದು ನಿಮ್ದೇನಮ್ಮಾ?"

"ಮತ್ತೆ ನಿಂದಾ?"

"ತಗೊಂಡು ಹೋಗಿ ಅಮ್ಮಾ. ದಯವಿಟ್ಟು. ಈಗ್ಲೇ."

"ಈಗ್ಲೇ ಅಂದ್ರೆ ಹೆಂಗಪ್ಪಾ? ಮುದುಕಿ ನಾನು. ಸೊಂಟ ಬೇರೆ ಹಿಡ್ಕೊಂಡಿದೆ" ಎಂದು ಬಿ ಮ್ವಾಕಾ ನಿಧಾನವಾಗಿ ಮರಳಿನ ಮೇಲೆ ಕಾಲು ಚಾಚಿ ಕೂತಳು. "ಒಂದೊಂದೇ ತೆಗೀತೀನಿ. ಹುಣ್ಣಿಮೆ ಹೊತ್ತಿಗೆ ಮುಗಿಯುತ್ತೆ."

ಕಿಸಂಗ ಹೋಟೆಲಿನ ಎರಡೂ ಗಾಡಿ ತರಿಸಿದ; ಅತಿಥಿಗಳನ್ನು ಕೋಣೆಗೆ ಒಯ್ಯುವ ಹೂವಿನ ಮೆತ್ತೆಯ ಗಾಡಿಗಳು. ಸುಬೀರಾ ಮತ್ತು ಮಾಲೀಸಿನ ಹೆಂಗಸರೆಲ್ಲ, ಅರ್ಧ ಎಣ್ಣೆ ಹಚ್ಚಿದ ಗಿರಾಕಿಗಳನ್ನು ಹಾಗೇ ಬಿಸಿಲಿಗೆ ಬಿಟ್ಟು ಬಂದು ಕಾಂಗಾ ಬಿಗಿದರು. ಎಷ್ಟು ವರ್ಷದ ಮೇಲೆ ಕೆಸರಿಗಿಳಿದ ಕೈಗಳು, ಒಂದೂ ದಾರಿ ತಪ್ಪಲಿಲ್ಲ. ಯೋಗದ ಗುರುಮಾತೆಯೂ ಮುಖಕ್ಕೆ ಟವೆಲು ಸುತ್ತಿಕೊಂಡು ವಾಪಸ್ಸು ಬಂದು ಒಂದು ಹೊರೆ ಎತ್ತಿಕೊಟ್ಟಳು. ಭರತದ ಮೊದಲ ಅಲೆ ಬರುವಷ್ಟರಲ್ಲಿ ಗುಂಡಿ ಖಾಲಿ. ಆ ಗಾಡಿಗಳಲ್ಲಿ ಕೂತ ಅತಿಥಿಗಳು ಈದ್‌ವರೆಗೂ ತಮ್ಮ ಕೋಣೆಗೆ ನಡೆದೇ ಹೋಗುತ್ತೇವೆಂದು ಹಟ ಹಿಡಿಯುತ್ತಿದ್ದರಂತೆ.

ಅಂಗಳದಲ್ಲಿ ಸಿಪ್ಪೆ ರಾಶಿ ಬಿತ್ತು. ಜುಹುರಾ ಕೆಲಸದಿಂದ ಬಂದವಳು ಬಾಗಿಲಲ್ಲೇ ನಿಂತಳು. ಮೂಗು ಮುಚ್ಚುತ್ತಾಳೆ, ಬೈಯುತ್ತಾಳೆ ಎಂದು ಬಿ ಮ್ವಾಕಾ ಕಾದಳು. ಹುಡುಗಿ ಒಂದು ಸಿಪ್ಪೆ ಎತ್ತಿ ಮುಖದ ಹತ್ತಿರ ಹಿಡಿದಳು, ಕೆಳಗಿಟ್ಟಳು. ಚೀಲ ಮೂಲೆಗಿಟ್ಟು ಬಡಿಯುವ ಕೋಲು ತೆಗೆದುಕೊಂಡಳು.

ನಾರು ಬಿಡಿಸಿದರು, ಒಣಗಿಸಿದರು. ಕೂದಲು ಹೆಣೆದು ಪಳಗಿದ ಜುಹುರಾಳ ಬೆರಳಿಗೆ ಹುರಿ ಹೊಸೆಯುವುದು ಬೇಗ ಒಲಿಯಿತು. ಅಜ್ಜಿ ಹೊಸೆದ ಹಗ್ಗ ಎಲ್ಲಿ ಮುಗಿದು ಮೊಮ್ಮಗಳದು ಎಲ್ಲಿ ಶುರುವಾಯಿತೆಂದು ಸುಬೀರಾ ಕೂಡ ಹೇಳಲಾರದೆ ಹೋದಳು. ಹಲಗೆ ಮಂಚದ ಹಲಗೆಗಳನ್ನು ಪಾಂಡು ತಾನೇ ಕಿತ್ತುಕೊಟ್ಟ. ಮದುವೆಗೆ ಮುಂಚೆ ಅಳಿಯಂದಿರು ಹಾಗೇ, ಕೇಳಿದರೆ ಮನೆ ಮಾಡನ್ನೂ ಕಿತ್ತುಕೊಡುತ್ತಾರೆ. ಹಗ್ಗ ಬಿಗಿದು ಮುಗಿದ ಸಂಜೆ, ಮೊದಲು ಮನೆಯ ಹಿರಿಯಳು ಮಲಗಿ ಮೈಭಾರ ಕೊಡಬೇಕು. ಬಿ ಮ್ವಾಕಾ ಮಂಚದ ಒಂದು ಅಂಚಿಗೆ ಮಲಗಿ, "ನೀನು ಆ ಅಂಚಿಗೆ ಮಲಗು" ಎಂದಳು.

ಜುಹುರಾ ಮಲಗಿದಳು. ಹೊಸ ಹಗ್ಗ ಕಿರ್ರೆಂದು ಕೊಂಚ ಜೋತುಬಿತ್ತು. ಅಜ್ಜಿ ಆ ಕಡೆಯಿಂದ, ಮೊಮ್ಮಗಳು ಈ ಕಡೆಯಿಂದ ಉರುಳಿ ಮಧ್ಯದಲ್ಲಿ ಹಣೆಗೆ ಹಣೆ ತಾಗಿದರು.

"ಇದಕ್ಕೇ" ಎಂದಳು ಬಿ ಮ್ವಾಕಾ. "ನಿನ್ನ ತಾತನೂ ನಾನೂ ಹಗಲೆಲ್ಲಾ ಜಗಳ. ರಾತ್ರಿ ಅವ್ನು ಆ ಕಡೆ ಮುಖ, ನಾನು ಈ ಕಡೆ ಮುಖ. ಈ ಮಂಚ ಬಿಡ್ಬೇಕಲ್ಲ! ಹಲಗೆ ಮೇಲೆ ಮಲಗಿದ್ರೆ ಯಾವತ್ತೋ ಅವನನ್ನ ಸಮುದ್ರಕ್ಕೆ ನೂಕಿರ್ತಿದ್ದೆ."

ಜುಹುರಾ ನಕ್ಕಳು. ಮಂಚವೂ ಜೊತೆಗೆ ಅಲ್ಲಾಡಿತು. ಆಮೇಲೆ ಹಗ್ಗಕ್ಕೆ ಮೂಗು ತಾಗಿಸಿದಳು.

"ಇನ್ನೂ ನಾರ್ತಿದ್ಯೇನೆ? ಹೇಳು, ಹೆಂಗಿದೆ? ನಂಗೆ ಮರ್ತೇ ಹೋಗಿದೆ."

"ಅಮ್ಮ ಹೀಗೇ ಇರ್ತಿದ್ಲು ಅಜ್ಜಿ. ಎತ್ಕೊಂಡಾಗ."

ಬಿ ಮ್ವಾಕಾ ಉಸಿರೆಳೆದಳು, ಆ ಮುದಿ ಮೂಗು ಬಿರಿಯುವ ಹಾಗೆ ಎಳೆದಳು. ಏನೂ ಹತ್ತಲಿಲ್ಲ. ಮೊಮ್ಮಗಳ ತಲೆಯನ್ನು ಭುಜಕ್ಕೆ ಒತ್ತಿಕೊಂಡು, "ಹೌದು, ಹೌದು" ಎಂದಳು. ಹೊರಗೆ ಉಸ್ಸಿ ಈಟಿ ಹೆಗಲ ಮೇಲಿಟ್ಟು, ದಾರಿಯಲ್ಲಿದ್ದ ಹಸುವಿಗೆ ದೂರದಿಂದಲೇ ಸುತ್ತು ಹಾಕಿ, ಕಾವಲಿಗೆ ಹೊರಟಿದ್ದ. ಅಜ್ಜಿಗೆ ಹಾಗೇ ನಿದ್ದೆ ಹತ್ತಿತು. ಜುಹುರಾ ಏಳಬೇಕಿತ್ತು, ಅನ್ನ ಒಲೆಯ ಮೇಲಿತ್ತು. ಆದರೆ ಮಂಚ ಬಿಡಲಿಲ್ಲ.