ಕಾಮನ್‌ವೆಲ್ತ್ ಬಂದ ದಿನ ಬಾವ ಜಗಲಿಯಲ್ಲಿ

ಹಂಪಾಪುರ ಹೋಬಳಿಯ ಒಂದು ಪಂಚಾಯಿತಿಗೆ ಚಿಕ್ಕಬೀರಮ್ಮ ಅಧ್ಯಕ್ಷೆಯಾಗಿ ಮೂರು ವರ್ಷವಾಗಿದ್ದರೂ ಅಧ್ಯಕ್ಷರ ಕುರ್ಚಿಯಲ್ಲಿ ಆಕೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಗಂಡ ಮಾದೇಶನ ಅಣ್ಣ ಚಾಮಯ್ಯ ಅಲ್ಲಿ ಸದಸ್ಯ. ಬಾವನ ಎದುರು ಹೆಣ್ಣು ಕೂರುವುದು ಆ ಮನೆಯ ಪದ್ಧತಿಯಲ್ಲ. ಆದ್ದರಿಂದ ಅಧ್ಯಕ್ಷೆ ತಲೆಗೆ ಸೆರಗು ಹೊದ್ದು ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದಳು. ಕುರ್ಚಿ ಖಾಲಿ ಕಾಣಬಾರದೆಂದು ಮಾದೇಶ ಕೂರುತ್ತಿದ್ದ. ಜಮೀನು ಪಾಲಾಗಿ ಎಷ್ಟೋ ಕಾಲವಾಗಿದ್ದರೂ ಅಣ್ಣನನ್ನು ಕೇಳದೆ ಅವನು ಒಂದು ಎತ್ತನ್ನೂ ಕೊಳ್ಳುತ್ತಿರಲಿಲ್ಲ. ಹೀಗೆ ಮಹಿಳಾ ಮೀಸಲಾತಿಯ ಫಲ ಚಾಮಯ್ಯನಿಗೆ ದಕ್ಕಿತ್ತು.

ತೊಂಬತ್ತೇಳರಲ್ಲಿ ಊರಿಗೆ ಒಂದು ನೀರಿನ ತೊಂಬೆ, ಅಂದರೆ ನಲ್ಲಿ ಜೋಡಿಸಿದ ಪುಟ್ಟ ಟ್ಯಾಂಕು, ಮಂಜೂರಾಯಿತು. ಕೆಳಗಲ ಬೀದಿಯ ಹೆಂಗಸರು ಕೆರೆಯಾಚೆಯಿಂದ ನೀರು ಹೊರುತ್ತಿದ್ದರು. ಚಿಕ್ಕಬೀರಮ್ಮನೂ ಹೊರುತ್ತಿದ್ದಳು. ತೊಂಬೆ ಆ ಬೀದಿಗೆ ಬರಬೇಕು ಎನ್ನುವುದನ್ನು ಬಿಟ್ಟು ಅಧಿಕಾರದಿಂದ ಆಕೆ ಬೇರೇನನ್ನೂ ಬಯಸಿರಲಿಲ್ಲ. ಚಾಮಯ್ಯ ಅದನ್ನು ತನ್ನ ಹೊಗೆಸೊಪ್ಪಿನ ಸಸಿಮಡಿಯ ಪಕ್ಕ ನಿಲ್ಲಿಸುವವನಿದ್ದ.

ಅಷ್ಟರಲ್ಲಿ ಕಾಮನ್‌ವೆಲ್ತ್ ದೇಶಗಳ ಪ್ರತಿನಿಧಿಗಳು, ಹಳ್ಳಿಯ ಹೆಣ್ಣೊಬ್ಬಳು ಸಭೆ ನಡೆಸುವುದನ್ನು ನೋಡಲು ಬರುತ್ತಾರೆಂದು ಆಜ್ಞೆಯಾಯಿತು. ಭಾಷಾಂತರಕ್ಕೆ, ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ನನ್ನನ್ನು ಕರೆಸಿದರು.

“ಅವ್ರು ಯಾವ ದೇಸದೋರು ಮೇಡಂನೋರೆ?” ಎಂದು ಚಿಕ್ಕಬೀರಮ್ಮ ಕೇಳಿದಳು.

ಹಿಂದೆ ಇಂಗ್ಲಿಷರು ಆಳಿದ ದೇಶಗಳವರು, ಸ್ವತಂತ್ರರಾದ ಮೇಲೆ ತಾವಾಗಿಯೇ ಒಂದು ಕೂಟ ಕಟ್ಟಿಕೊಂಡಿದ್ದಾರೆ, ಇಂಗ್ಲೆಂಡಿನ ರಾಣಿಯೇ ಅದಕ್ಕೆ ಹಿರಿಯಳು ಎಂದೆ.

“ಪಾಲಾದ್ ಮೇಲೂವೆ ಹಬ್ಬಕ್ಕೆ ದೊಡ್ಮನೇಗೇ ಓಗಂಗೆ ಅನ್ನಿ. ನಮ್ಮೋರಂಗೇ ಅವ್ರೆ ಬುಡಿ.”

ರಾಜ್ಯಶಾಸ್ತ್ರದ ಯಾವ ವಿದ್ಯಾರ್ಥಿಯೂ ಪರೀಕ್ಷೆಯಲ್ಲಿ ನನಗೆ ಹೀಗೆ ಬರೆದುಕೊಟ್ಟಿರಲಿಲ್ಲ.

ತಾಲ್ಲೂಕಿನ ಅಧಿಕಾರಿ ಗುರುಸ್ವಾಮಿಗೆ ಕುರ್ಚಿಯ ಮೇಲೆ ಹೆಣ್ಣು ಬೇಕಿತ್ತು. ಚಾಮಯ್ಯನಿಗೆ ಕೈ ಮುಗಿದ. “ಸ್ವಲ್ಪ ಹೊತ್ತು ಕಣ್ರೀ ಯಜಮಾನ್ರೇ, ಜಗಲಿ ಮೇಲೆ ಕೂತ್ಕಳಿ.”

“ಅದ್ಯಾವ್ ನಾಟ್ಕ ಆಡ್ತಿರೋ ಆಡಿ. ವೇಸ ಕಳಚಿದ್ ಮೇಲೆ ಬತ್ತೀನಿ,” ಎಂದು ಚಾಮಯ್ಯ ಹೊರಗೆ ಹೋಗಿ ಕೂತ. ಮಾದೇಶನಿಗೆ ಟೀ ತರುವ ಕೆಲಸ ಸಿಕ್ಕಿತು.

ಅತಿಥಿಗಳು ಬಂದರು. ಉಗಾಂಡಾದ ಹೆಂಗಸು, ಮಲೇಷ್ಯಾದ ಮುದುಕ, ಇನ್ನೂ ಕೆಲವರು. ಹಿಂದಿನ ಸಭೆಯ ನಡಾವಳಿ ಓದಿದಾಗ ಎಲ್ಲರೂ ಒಟ್ಟಿಗೆ ತಲೆಯಾಡಿಸಿದರು. ಅದೊಂದನ್ನು ಇಂಗ್ಲಿಷರು ಎಲ್ಲ ಕಡೆಯೂ ಚೆನ್ನಾಗಿ ಕಲಿಸಿದ್ದರು. ಸಭೆಗೆ ಒಂದು ವಿಷಯ ಬೇಕಲ್ಲ ಎಂದು ಗುರುಸ್ವಾಮಿ ತೊಂಬೆಯದನ್ನೇ ಎತ್ತಿಕೊಟ್ಟ.

“ಕೆಳಗಲ ಬೀದಿಗೆ ಆಗ್ಲಿ ಅನ್ನೋರು ಕೈಯೆತ್ತಿ,” ಎಂದಳು ಚಿಕ್ಕಬೀರಮ್ಮ.

ಸದಸ್ಯರು ಅಭ್ಯಾಸದಂತೆ ಚಾಮಯ್ಯನ ಮುಖ ನೋಡಲು ತಿರುಗಿದರು. ಅಲ್ಲಿ ಗೋಡೆ ಇತ್ತು. ಅವರ ಮನೆಗಳಿಗೂ ನೀರು ಬೇಕಿತ್ತು. ಒಂದು ಕೈ ಎದ್ದಿತು, ಆಮೇಲೆ ಇನ್ನೊಂದು.

ಜಗಲಿಗೆ ಎಲ್ಲ ಕೇಳಿಸುತ್ತಿತ್ತು. ಚಾಮಯ್ಯ ಹೊಸಿಲಿಗೆ ಬಂದ. “ಏಳಮ್ಮಿ ಮ್ಯಾಕೆ!”

ಆಕೆ ಸೆರಗು ಮುಂದಕ್ಕೆಳೆದುಕೊಂಡಳು. “ಒಸಿಲಾಚೆ ನಿಂತೋರ್ಗೆ ಏಳ್ಬೇಕು ಅಂತ ಇಲ್ವಲ್ಲ ಬಾವ. ಒಳಿಕ್ಕೆ ಬನ್ನಿ, ಏಳ್ತೀನಿ.”

ಬಾವ ಹೊಸಿಲು ದಾಟಲು ಕಾಲೆತ್ತುವಷ್ಟರಲ್ಲಿ ಗುರುಸ್ವಾಮಿ ಅವನ ತೋಳು ಹಿಡಿದ. “ಬೇಡಿ ಕಣ್ರೀ! ಅಧ್ಯಕ್ಷೆ ಎದ್ರೆ ಸಭೆ ಬರಖಾಸ್ತು ಅಂತ ಅತಿಥಿಗಳು ಅನ್ಕೋತಾರೆ. ನನ್ ನೌಕರಿ ಹೋಯ್ತದೆ!”

ಬಾಗಿಲಲ್ಲೇನು ಗಲಾಟೆ ಎಂದು ಉಗಾಂಡಾದ ಹೆಂಗಸು ಕೇಳಿದಳು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ತನ್ನ ಕಡೆ ಹಿರಿಯರ ಮುಂದೆ ಹೆಂಗಸರು ಮಂಡಿಯೂರಬೇಕು, ತಾನು ಕೌನ್ಸಿಲರ್ ಆದ ಮೇಲೂ ಊರುತ್ತೇನೆ ಎಂದು ನಕ್ಕಳು. ಇಂಗ್ಲಿಷರು ಕಲಿಸದ ವಿಷಯದಲ್ಲಿ ಕೂಟದೊಳಗೆ ಒಮ್ಮತ ಇನ್ನೂ ಹೆಚ್ಚಿಗಿತ್ತು.

ಅಷ್ಟರಲ್ಲಿ ಕೈಗಳೆಲ್ಲ ಮೇಲಿದ್ದವು. ನಿರ್ಣಯವಾಯಿತು. ವಿದೇಶೀಯರೆದುರು ಆದದ್ದನ್ನು ಅಳಿಸುವ ಧೈರ್ಯ ಗುರುಸ್ವಾಮಿಗಿರಲಿಲ್ಲ.

ಮುಂದಿನ ಸಭೆಗೆ ಚಾಮಯ್ಯ ಎಲ್ಲರಿಗಿಂತ ಮೊದಲೇ ಬಂದು ಒಳಗೆ ಕೂತ. ಮಾದೇಶ ಕುರ್ಚಿಗೆ, ಅಧ್ಯಕ್ಷೆ ಬಾಗಿಲ ಮರೆಗೆ.

ಬೇಸಿಗೆ ಹೊತ್ತಿಗೆ ಕೆಳಗಲ ಬೀದಿಯ ತೊಂಬೆಗೆ ನೀರು ಬಂತು. ಕುರ್ಚಿ ಹೋಯಿತಲ್ಲ ಎಂದು ನಾನು ಕೇಳಿದಾಗ ಚಿಕ್ಕಬೀರಮ್ಮ ತೊಂಬೆ ಕಟ್ಟೆಯ ಮೇಲೆ ಕೂತಿದ್ದಳು.

“ಓಗ್ಲಿ ಬುಡಿ. ಬಾವ ಸಿಟ್ಟಿಗೆ ಈ ಬೀದಿಗೇ ಬರಾಕಿಲ್ಲ. ಕೊಡ ತುಂಬಾಗಂಟ ಆರಾಮಾಗಿ ಕೂತ್ಕತೀನಿ.”