ಹದಿನೆಂಟು ಪಿಸಿ, ಎಂಟು ಕನ್ಸೋಲ್, ಒಬ್ಬ ಸ್ಕ್ರೂಡ್ರೈವರ್ ಅಕ್ಕ

ಭಾನುವಾರ, ಬೆಳಗಿನ ಆರು ಗಂಟೆ. ಗೇಮಿಂಗ್ ಹಾಲ್‌ನ ಅರ್ಧ ಎತ್ತಿದ ಶಟರ್ ಕೆಳಗೆ ಬಗ್ಗಿ ಒಳಹೋದರೆ, ಪಿಸಿಗಳ ಸಾಲಿನ ನಡುವೆ ಹೆಂಗಸೊಬ್ಬರು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಬಾಯಲ್ಲಿ ಎರಡು ಸ್ಕ್ರೂ, ಕೈಯಲ್ಲಿ ಬಣ್ಣ ಹಚ್ಚುವ ಬ್ರಷ್. ಫ್ಯಾನಿನ ರೆಕ್ಕೆಗಳಿಂದ ಧೂಳು ತೆಗೆಯುತ್ತಿದ್ದಾರೆ. "ಕಾಲು ನೋಡ್ಕೊಂಡು ಇಡಿ. ಒಂದು ಸ್ಕ್ರೂ ಕಳೆದ್ರೂ ನನ್ನ ದಿನ ಕೆಟ್ಟಂಗೆ," ಎನ್ನುತ್ತಾರೆ, ಬಾಯಲ್ಲಿದ್ದ ಸ್ಕ್ರೂ ತೆಗೆಯದೆಯೇ!

ಆಡಲು ಬರುವವರಿಗೆಲ್ಲ ಇವರು 'ಸ್ಕ್ರೂಡ್ರೈವರ್ ಅಕ್ಕ'. ವಯಸ್ಸು ನಲವತ್ತನಾಲ್ಕು. ಮೊದಲು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಕಾರ್ಖಾನೆ ಮುಚ್ಚಿತು, ಇಲ್ಲಿ ಕಸ ಗುಡಿಸಲು ಸೇರಿದರು. ಒಂದು ದಿನ ಕೆಟ್ಟ ಪಿಸಿಯನ್ನು ಯಾರನ್ನೂ ಕೇಳದೆ ಬಿಚ್ಚಿದರು. "ಹೊಲಿಗೆ ಮಷೀನಿಗೂ ಇದಕ್ಕೂ ಒಂದೇ ಕಾಯಿಲೆ ರೀ. ಧೂಳು, ಬಿಸಿ." ಅದಾಗಿ ಒಂಬತ್ತು ವರ್ಷ. ದಿನಕ್ಕೆ ಆರು ಪಿಸಿ, ಮೂರು ದಿನಕ್ಕೆ ಒಂದು ಸುತ್ತು. ಇವರ ಕೆಲಸ ಆಡುವವರ ಕಣ್ಣಿಗೆ ಬೀಳುವುದು ಇವರು ರಜೆ ಹಾಕಿದ ದಿನ ಮಾತ್ರ.

ಈಗ ಆ ಕೆಲಸಕ್ಕೇ ಕುತ್ತು ಬಂದಿದೆ. ಯಜಮಾನರು ಈ ವಾರ ಟಿವಿಗೆ ಜೋಡಿಸಿ ಆಡುವ ಎಂಟು ಕನ್ಸೋಲ್ ತಂದಿದ್ದಾರೆ. ಪಿಸಿಗಳನ್ನೆಲ್ಲ ಮಾರುವ ಯೋಚನೆ. ಕನ್ಸೋಲ್ ಕೆಟ್ಟರೆ ಕಂಪನಿಗೇ ಕಳಿಸಬೇಕು. ವಾರಂಟಿ ಇರುವಾಗ ಬಿಚ್ಚುವ ಹಾಗಿಲ್ಲ. ಬಿಚ್ಚದ ಮೇಲೆ ಅಕ್ಕನಿಗೇನು ಕೆಲಸ? "ಒಂದು ಪಂದ್ಯ ಇಡಿ ಸರ್, ಎರಡೂ ಪಕ್ಕಪಕ್ಕ ಓಡ್ಲಿ. ಆಮೇಲೆ ನೀವು ಹೇಳಿದಂಗೆ," ಎಂದು ಹಟ ಹಿಡಿದು ಪಡೆದ ದಿನ ಇವತ್ತು.

ಹಾಗಂತ ಕನ್ಸೋಲನ್ನು ಜರೆಯುವವರಲ್ಲ. "ಅದು ಮದುವೆ ಮನೆ ಊಟ. ಕೂತ್ರೆ ಸಾಕು, ಬಡಿಸ್ತಾರೆ. ಒಂದೇ ಟಿವಿ ಮುಂದೆ ನಾಲ್ಕು ಜನ ಮೈಗೆ ಮೈ ತಾಗಿಸಿ ಆಡೋ ಗಮ್ಮತ್ತು ಪಿಸೀಲಿ ಎಲ್ಲಿ ಬರುತ್ತೆ? ಪಿಸಿ ಮನೆ ಅಡುಗೆ. ಕೈ ನೋಯುತ್ತೆ, ಆದ್ರೆ ಉಪ್ಪು ಖಾರ ನಮ್ಮ ಕೈಲಿ. ಗ್ರಾಫಿಕ್ಸ್ ಕಾರ್ಡ್ ಹಳೇದಾದ್ರೆ ಅದೊಂದನ್ನೇ ಬದಲಾಯಿಸಿ, ಮತ್ತೆ ಕುದುರೆ ಹಂಗೆ ಓಡುತ್ತೆ!"

ಒಂಬತ್ತಕ್ಕೆ ಆಟಗಾರರು ಬರುತ್ತಾರೆ. ಕನ್ಸೋಲ್ ಹಚ್ಚಿದರೆ ಎಂಟೂ ಪರದೆಯ ಮೇಲೆ ಒಂದೇ ಮಾತು: ಅಪ್‌ಡೇಟ್, ಎರಡು ಗಂಟೆ ಕಾಯಿರಿ. ಹಾಲ್ ಮುಚ್ಚುವಾಗ ಮೇನ್ ಸ್ವಿಚ್ ಆರಿಸಿ ಹೋಗುವುದು ಅಕ್ಕನ ಒಂಬತ್ತು ವರ್ಷದ ರೂಢಿ. ಕರೆಂಟ್ ಇದ್ದರೆ ಕನ್ಸೋಲ್ ಮಲಗಿದ್ದಾಗಲೇ ಅಪ್‌ಡೇಟ್ ಮಾಡಿಕೊಳ್ಳುತ್ತದೆಂದು ಇವರಿಗೆ ಗೊತ್ತಿರಲಿಲ್ಲ.

ಯಜಮಾನರ ಮುಖ ಕೆಂಪಾಗುತ್ತದೆ. "ಏನಮ್ಮಾ, ಬೇಕಂತಲೇ ಮಾಡಿದ್ಯಾ?"

"ಸ್ವಿಚ್ ಆರಿಸಿದ್ದು ನಾನೇ ಸರ್. ಬೇಕಂತ ಅಲ್ಲ. ತಪ್ಪು ನಂದು, ಸರಿ ಮಾಡೋದೂ ನಂದೇ."

ಸುಳ್ಳೇಕೆ ಹೇಳಲಿ, ಅಕ್ಕ ಕೈಕಟ್ಟಿ ಕೂತಿದ್ದರೆ ಪಿಸಿಗಳೇ ಗೆಲ್ಲುತ್ತಿದ್ದವು, ಕೆಲಸವೂ ಉಳಿಯುತ್ತಿತ್ತೇನೋ. ಈಕೆ ಕೂರುವವರಲ್ಲ. ಎಂಟೂ ಒಟ್ಟಿಗೆ ನೆಟ್ ಎಳೆದರೆ ಒಂದೂ ಮುಗಿಯದೆಂದು ಆರರ ನೆಟ್ ಕೇಬಲ್ ಕೀಳುತ್ತಾರೆ. ಎರಡೆರಡನ್ನೇ ತಯಾರು ಮಾಡುತ್ತಾರೆ. ಕಾಯುವವರ ಕೈಯಲ್ಲಿದ್ದ ಕಂಟ್ರೋಲರ್‌ಗಳನ್ನು ತಂತಿಯಲ್ಲಿ ಪಿಸಿಗೆ ಸಿಕ್ಕಿಸಿ, "ಕೈಗೆ ಅದೇ, ಕಣ್ಣಿಗೆ ಬೇರೆ. ಆಡ್ರಪ್ಪಾ," ಎಂದು ಕೂರಿಸುತ್ತಾರೆ. ಆಟ ಎರಡರಲ್ಲೂ ಒಂದೇ, ನೆಟ್ಟಿನಲ್ಲಿ ಎದುರುಬದುರು ಆಡಬಹುದು. ಅರ್ಧ ಗಂಟೆಯಲ್ಲಿ ಸೋಫಾದ ಮೇಲಿನ ಕನ್ಸೋಲ್ ತಂಡ ಪಿಸಿ ಮುಂದಿನ ತಂಡದ ಎದುರು ಆಡುತ್ತಿದೆ. ಹಾಲ್‌ನಲ್ಲಿ ಕಿವಿ ಕೇಳಿಸದಷ್ಟು ಗದ್ದಲ.

ಸಂಜೆ ಯಜಮಾನರು ತಲೆ ಕೆರೆದುಕೊಂಡು ಬರುತ್ತಾರೆ. "ಹತ್ತು ಪಿಸಿ ಇರ್ಲಿ. ನೀನೂ ಇರಮ್ಮ. ಬೆಳಿಗ್ಗೆ ಹಂಗಂದಿದ್ದು ಮನಸಲ್ಲಿ ಇಟ್ಕೋಬೇಡ. ಏನಾದ್ರೂ ಬೇಕಿದ್ರೆ ಕೇಳು."

ಅಕ್ಕ ಕೈ ಒರೆಸಿಕೊಳ್ಳುತ್ತಾರೆ. "ಆ ಡಬ್ಬಿಗಳ ವಾರಂಟಿ ಯಾವತ್ತು ಮುಗಿಯುತ್ತೆ ಅಂತ ಬರ್ದು ಕೊಡಿ ಸರ್. ಮಾರನೇ ದಿನ ಒಂದನ್ನ ಬಿಚ್ತೀನಿ."